ಮನೆಯಲ್ಲಿ ಮಾಡಿದ ಟೆಂಪೆ: ಕಪ್ಪು ಕಲೆ, ಅಮೋನಿಯಾ ವಾಸನೆ. ತಿನ್ನಬಹುದಾ?

ಕಾಳುಪಲ್ಯ
ಟೆಂಪೆ ಅಂದರೆ ಬೇಯಿಸಿದ ಸೋಯಾ ಕಾಳಿಗೆ ಬೂಷ್ಟು ಹಿಡಿಸಿ ಗಟ್ಟಿ ತುಂಡಾಗಿ ಕಟ್ಟಿಸುವ ಇಂಡೋನೇಷ್ಯಾದ ತಿನಿಸು. ಅರ್ಧ ಕೆಜಿ ಸೋಯಾ ಕಾಳು ರಾತ್ರಿ ನೆನೆಸಿ, ಸಿಪ್ಪೆ ತೆಗೆದು, 40 ನಿಮಿಷ ಬೇಯಿಸಿ, 1 ಟೀ ಚಮಚ ಸ್ಟಾರ್ಟರ್ (ಬೂಷ್ಟು ಹಿಡಿಸುವ ಪುಡಿ) ಬೆರೆಸಿದ್ದು. ಸೂಜಿಯಲ್ಲಿ ಚುಚ್ಚಿದ ಜಿಪ್‌ಲಾಕ್ ಕವರಿಗೆ ತುಂಬಿ, ಲೈಟ್ ಹಾಕಿದ ಓವನ್ನಿನಲ್ಲಿ 38 ಗಂಟೆ ಇಟ್ಟಾಗಿದೆ. ಬಿಳಿ ಬೂಷ್ಟು ಚೆನ್ನಾಗಿ ಕಟ್ಟಿದೆ, ಆದರೆ ತೂತುಗಳ ಸುತ್ತ ಕಪ್ಪು ಕಲೆ. ನಡುಭಾಗ ಮೂಸಿದರೆ ಅಮೋನಿಯಾ. ಇದನ್ನು ತಿನ್ನಬಹುದಾ? ಮುಂದಿನ ಸಲ ಒಂದು ಹಿಡಿ ಕಾಯಿತುರಿ ಸೇರಿಸುವ ಯೋಚನೆಯೂ ಇದೆ. ಅಪ್ಪಂ ಹಿಟ್ಟಿಗೆ ಹಾಕುತ್ತೇವಲ್ಲ, ಹಾಗೆ.

ಹುದುಗು
ಕಪ್ಪು ಕಲೆಗೆ ಹೆದರಬೇಡಿ. ಟೆಂಪೆ ಕಟ್ಟುವ ರೈಜೋಪಸ್ ಬೂಷ್ಟಿಗೆ ಗಾಳಿ ಹೆಚ್ಚು ಸಿಕ್ಕ ಕಡೆ ಬೀಜಕಣ ಬರುತ್ತದೆ, ಅದೇ ಕಪ್ಪಗೆ ಕಾಣುವುದು. ಹಸಿರು, ಗುಲಾಬಿ, ಕಿತ್ತಳೆ ಬಣ್ಣ ಕಂಡರೆ ಮಾತ್ರ ಇಡೀ ತುಂಡು ಕಸಕ್ಕೆ.

ನಡುವಿನ ಅಮೋನಿಯಾ ಬೇರೆ ಮಾತು. ಸುಮಾರು 12–14 ಗಂಟೆಯ ನಂತರ ಬೂಷ್ಟು ತಾನೇ ಶಾಖ ಬಿಡುತ್ತದೆ. ಆಮೇಲೂ ಓವನ್ನಿನಲ್ಲೇ ಇದ್ದರೆ ತುಂಡಿನ ಒಳಗು 40 ಡಿಗ್ರಿ ದಾಟಿ ಬೂಷ್ಟು ಸೊರಗುತ್ತದೆ, ಬ್ಯಾಸಿಲಸ್ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತದೆ. ಒಂದು ತುಂಡು ಕುಯ್ದು ನೋಡಿ. ಕಾಳು ಬಿಳಿ ಎಳೆಗಳಲ್ಲಿ ಬಿಗಿಯಾಗಿ ಅಂಟಿಕೊಂಡು, ಅಣಬೆಯ ವಾಸನೆ ಬರಬೇಕು. ಕಾಳು ಜಾರಿ ಉದುರಿದರೆ, ಬೆರಳಿಗೆ ಲೋಳೆ ಎಳೆದರೆ ಬಿಸಾಡಿ.

ಮುಂದಿನ ಸಲ ತುಂಡು 2–3 ಸೆಂ.ಮೀ. ದಪ್ಪ ಮೀರದಿರಲಿ, ಶಾಖ 30–32 ಡಿಗ್ರಿ ಇರಲಿ, ಕವರ್ ಮುಟ್ಟಿದಾಗ ತಾನೇ ಬೆಚ್ಚಗಿದ್ದರೆ ಹೊರಗೆ ತೆಗೆದು ಜಾಲರಿಯ ಮೇಲಿಡಿ.

ಬೇಳೆಕಟ್ಟು
ಕಾಯಿತುರಿ ಬೇಡವೇ ಬೇಡ.

ಜಾವಾದ ಬನ್ಯುಮಾಸ್ ಕಡೆ ಕಾಯಿಹಾಲು, ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ ‘ಟೆಂಪೆ ಬೊಂಗ್‌ಕ್ರೆಕ್’ ಮಾಡುತ್ತಿದ್ದರು. ಅದರಲ್ಲಿ ಬರ್ಕ್‌ಹೋಲ್ಡೇರಿಯಾ ಗ್ಲಾಡಿಯೋಲಿ ಎಂಬ ಬ್ಯಾಕ್ಟೀರಿಯಾ ಸೇರಿದರೆ ಬೊಂಗ್‌ಕ್ರೆಕಿಕ್ ಆಮ್ಲ ಎಂಬ ವಿಷ ಹುಟ್ಟುತ್ತದೆ. ಜನ ಸಾಯುತ್ತಲೇ ಇದ್ದುದರಿಂದ 1988ರಲ್ಲಿ ಇಂಡೋನೇಷ್ಯಾ ಅದನ್ನು ನಿಷೇಧಿಸಿತು. ಕಾಯಿಯ ಕೊಬ್ಬು ಈ ವಿಷ ತಯಾರಾಗಲು ಹೇಳಿ ಮಾಡಿಸಿದ್ದು.

ಅಪ್ಪಂ ಹಿಟ್ಟು, ಇಡ್ಲಿ ಹಿಟ್ಟಿಗೆ ಹೋಲಿಸುವುದೇ ತಪ್ಪು. ಇಡ್ಲಿ ಹಿಟ್ಟು ರಾತ್ರಿ ಬೆಳಗಾಗುವುದರಲ್ಲಿ ಹುಳಿಯಾಗಿ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.5ರ ಆಸುಪಾಸಿಗೆ ಇಳಿಯುತ್ತದೆ, ಆ ಹುಳಿಯೇ ಕಾವಲು. ಟೆಂಪೆ ಉಲ್ಟಾ: ಬೂಷ್ಟು ಪ್ರೋಟೀನ್ ಒಡೆದಂತೆ ಪಿಎಚ್ ಏರಿ 6.5–7ಕ್ಕೆ ಹೋಗುತ್ತದೆ.

ಕಾಳುಪಲ್ಯ
ಎಣ್ಣೆಯಲ್ಲಿ ಗರಿಗರಿ ಕರಿದರೂ ಆಗಲ್ವಾ?

ಬೇಳೆಕಟ್ಟು
ಇಲ್ಲ. ಕುದಿಸಿದರೂ ಕರಿದರೂ ಆ ವಿಷ ಹೋಗುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅದೇ ಬ್ಯಾಕ್ಟೀರಿಯಾ ಟಾಕ್ಸೋಫ್ಲೇವಿನ್ ಎಂಬ ಹಳದಿ ಬಣ್ಣವನ್ನೂ ಬಿಡುತ್ತದೆ, ಆದರೆ ಹಳದಿ ಕಾಣಲಿಲ್ಲ ಅಂತ ಧೈರ್ಯ ತಂದುಕೊಳ್ಳುವ ಹಾಗಿಲ್ಲ. ಕಾಯಿಯೊಂದೇ ಅಲ್ಲ, 2020ರಲ್ಲಿ ಚೀನಾದ ಹೇಲುಂಗ್‌ಜಿಯಾಂಗ್‌ನಲ್ಲಿ ಹುದುಗಿಸಿದ ಜೋಳದ ಹಿಟ್ಟಿನ ಶಾವಿಗೆ ತಿಂದು 9 ಜನ ಸತ್ತದ್ದೂ ಇದೇ ವಿಷದಿಂದ. (ನಮ್ಮ ಬಿಳಿಜೋಳ ಅಲ್ಲ, ಮೆಕ್ಕೆಜೋಳ.) ಕಾಯಿ ಬೇಕಿದ್ದರೆ ಟೆಂಪೆ ಪಲ್ಯ ಒಲೆಯಿಂದ ಇಳಿಸುವಾಗ ಉದುರಿಸಿ.

ಸೋಸು_ಜಾಲರಿ
ಮೇಲೆ ವಿನೆಗರ್ ವಿಷಯ ಯಾರೂ ಎತ್ತಿಲ್ಲ. ಅರ್ಧ ಕೆಜಿ ಒಣ ಕಾಳಿಗೆ 2 ಟೇಬಲ್ ಚಮಚ, ಬೇಯಿಸುವ ನೀರಿಗೆ. ಶುರುವಿನಲ್ಲಿ ಬೂಷ್ಟಿಗೆ ಹುಳಿ ತೊಂದರೆಯಿಲ್ಲ, ಬ್ಯಾಕ್ಟೀರಿಯಾಕ್ಕೆ ಕಷ್ಟ. ಬಸಿದ ಮೇಲೆ ಅದೇ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸಿ, ಕಾಳಿನ ಮೇಲಿನ ಹೊಳಪು ಹೋಗುವಷ್ಟು ಒಣಗಿಸಿ. ಹೆಚ್ಚಿನವರು ಎಡವುವುದು ಇಲ್ಲೇ, ಒದ್ದೆ ಕಾಳಿನಿಂದಲೇ ಲೋಳೆ. 35 ಡಿಗ್ರಿಗೆ ಆರಿದ ಮೇಲಷ್ಟೇ ಸ್ಟಾರ್ಟರ್, ಅದನ್ನೂ ಒಣ ಚಮಚದಲ್ಲಿ.

ಅಮೋನಿಯಾ ಬಗ್ಗೆ ಹುದುಗು ಹೇಳಿದ್ದಕ್ಕೆ ಒಂದು ಸೇರ್ಪಡೆ. ಜಾವಾದಲ್ಲಿ ಹಳಸಿದ ಟೆಂಪೆಯನ್ನು ಬೇಕೆಂದೇ ಸಾಂಬಲ್ ತುಂಪಾಂಗ್ ಎಂಬ ಖಾರದ ಅಡುಗೆಗೆ ಹಾಕುತ್ತಾರೆ. ಅದು ಸರಿಯಾಗಿ ಕಟ್ಟಿದ ಟೆಂಪೆ ಆಮೇಲೆ ಮಾಗಿದ್ದು. ಕಟ್ಟುವಾಗಲೇ ನಡುವಿನಲ್ಲಿ ನಾರಿದ್ದಕ್ಕೆ ಈ ಮಾತು ಅನ್ವಯಿಸಲ್ಲ.

ಹಸಿ ಟೆಂಪೆ ಕುಯ್ದ ಚಾಕು, ಮಣೆಯಲ್ಲಿ ಸೌತೆಕಾಯಿ ಹೆಚ್ಚಬೇಡಿ. 2012ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಟೆಂಪೆಯಿಂದ ಸಾಲ್ಮೊನೆಲ್ಲಾ ಎಂಬ ರೋಗದ ಬ್ಯಾಕ್ಟೀರಿಯಾ ಹರಡಿದಾಗ ಮೂಲ ಸಿಕ್ಕಿದ್ದು ಸ್ಟಾರ್ಟರ್ ಪುಡಿಯಲ್ಲಿ. ಅದು ಬೇಯಿಸಿದರೆ ಸಾಯುತ್ತದೆ. ಕಟ್ಟಿದ ಕೂಡಲೇ ಫ್ರಿಜ್‌ಗೆ ಹಾಕಿ 5 ದಿನದೊಳಗೆ ಮುಗಿಸಿ, ಇಲ್ಲವೇ 20 ನಿಮಿಷ ಹಬೆಯಲ್ಲಿ ಬೇಯಿಸಿ ಫ್ರೀಜರ್‌ನಲ್ಲಿಡಿ.