ಪೆಟ್ರೋಲ್ ಪ್ರೆಶರ್ ವಾಷರ್: ಇಂಜಿನ್ ಚೆನ್ನಾಗಿದೆ, ನೀರಿಗೆ ಮಾತ್ರ ಜೋರಿಲ್ಲ

ಪ್ರಶ್ನೆ:
ನಮ್ಮದು ತೀರ್ಥಹಳ್ಳಿ ಕಡೆ. ಅಂಗಳದ ಪಾಚಿಯನ್ನು ಜೋರು ನೀರಿನಲ್ಲಿ ತೊಳೆದು ತೆಗೆಯಲು 7 ಎಚ್‌ಪಿ ಪೆಟ್ರೋಲ್ ಪ್ರೆಶರ್ ವಾಷರ್ ಇಟ್ಟುಕೊಂಡಿದ್ದೇನೆ. ಲೇಬಲ್ ಮೇಲೆ ಒತ್ತಡ 170 ಬಾರ್, ನೀರು ನಿಮಿಷಕ್ಕೆ 9 ಲೀಟರ್ ಅಂತಿದೆ. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿತ್ತು. ಈಗ ತೆಗೆದರೆ ಗಿಡಕ್ಕೆ ಪೈಪಿನಲ್ಲಿ ನೀರು ಬಿಟ್ಟ ಹಾಗೆ ಬರುತ್ತಿದೆ. ಇಂಜಿನ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ, ಆದರೆ ಗನ್ ಒತ್ತಿದರೂ ಅದರ ಸದ್ದು ಬದಲಾಗುವುದಿಲ್ಲ. ನಾಝಲ್ ಪಿನ್ನಿನಲ್ಲಿ ಚುಚ್ಚಿ ನೋಡಿದೆ, ಅನ್‌ಲೋಡರ್ (ಗನ್ನಿನ ಟ್ರಿಗರ್ ಬಿಟ್ಟಾಗ ನೀರನ್ನು ಪಂಪಿನೊಳಗೇ ಹಿಂದೆ ತಿರುಗಿಸುವ ವಾಲ್ವ್) ಸ್ಕ್ರೂ ಎರಡು ಸುತ್ತು ಬಿಗಿ ಮಾಡಿದೆ. ಏನೂ ಆಗಲಿಲ್ಲ. ಇನ್ನು ಹತ್ತು ದಿನಕ್ಕೆ ಅಡಿಕೆ ಕೊಯ್ಲು. ಪಂಪೇ ಹೊಸದು ಹಾಕಿಸಬೇಕಾ?

ಉತ್ತರ:
ಪಂಪಿಗೆ ದುಡ್ಡು ಹಾಕಬೇಡಿ ಸಾರ್, ಸ್ವಲ್ಪ ತಡೆಯಿರಿ. ಮೊದಲು ಆ ಸ್ಕ್ರೂ ಎರಡು ಸುತ್ತು ವಾಪಸ್ ಸಡಿಲ ಮಾಡಿ. ಅದನ್ನು ಬಿಗಿ ಮಾಡಿದರೆ ಟ್ರಿಗರ್ ಬಿಟ್ಟ ಕ್ಷಣ ಒತ್ತಡ ವಿಪರೀತ ಏರುತ್ತದೆ, ಹೋಸ್ ಸಿಡಿಯಬಹುದು. ಇಲ್ಲದ ಒತ್ತಡವನ್ನು ಅದು ಎಲ್ಲಿಂದಲೂ ತರುವುದಿಲ್ಲ.

ಗನ್ ಒತ್ತಿದಾಗ ಇಂಜಿನ್ ಸ್ವಲ್ಪ ತಿಣುಕಬೇಕು. ನಿಮ್ಮದು ಹಗುರಾಗಿ ಓಡುತ್ತಿದೆ ಅಂದರೆ ಪಂಪಿಗೆ ಒತ್ತಲು ಸಾಕಷ್ಟು ನೀರೇ ಸಿಗುತ್ತಿಲ್ಲ, ಇಲ್ಲವೇ ಒತ್ತಿದ ನೀರು ಒಳಗೇ ಹಿಂದೆ ಹೋಗುತ್ತಿದೆ. ಮೆಷಿನ್ನಿಗೆ ಹಾಕುವ ಪೈಪನ್ನು ಬಿಚ್ಚಿ 20 ಲೀಟರ್ ಬಕೆಟ್ಟಿಗೆ ಬಿಡಿ. ತುಂಬಲು ಎಷ್ಟು ಹೊತ್ತು ಬೇಕು, ಮೊಬೈಲಿನಲ್ಲಿ ನೋಡಿ ಹೇಳಿ. ಇನ್ನೊಂದು, ಕಪ್ಪು ನಾಝಲ್ ಹಾಕಿಲ್ಲ ಅಲ್ವಾ? ಅದು ಸೋಪಿನದು, ಅದರಲ್ಲಿ ಜೋರು ಬರುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ಹಾಕಿರುವುದು ಹಸಿರು ನಾಝಲ್, 25 ಡಿಗ್ರಿಯದು. ಬಕೆಟ್ ತುಂಬಲು 3 ನಿಮಿಷ 40 ಸೆಕೆಂಡ್ ಬೇಕಾಯಿತು. ತಾರಸಿ ಟ್ಯಾಂಕಿನಿಂದ ಅರ್ಧ ಇಂಚಿನ ಪೈಪ್, ನೂರು ಅಡಿ ಇರಬಹುದು.

ಉತ್ತರ:
ಅಂದರೆ ನಿಮಿಷಕ್ಕೆ ಐದೂವರೆ ಲೀಟರೂ ಇಲ್ಲ. ಪಂಪ್ ಕೇಳುವುದು 9. ಒಂದು ಡ್ರಮ್ಮನ್ನು ಜಗಲಿ ಮೇಲಿಟ್ಟು ಮೊದಲೇ ನೀರು ತುಂಬಿಸಿಕೊಂಡು, ಅದರ ಬುಡದಿಂದ ಮೆಷಿನ್ನಿಗೆ ಒಂದು ಇಂಚಿನ ಗಿಡ್ಡ ಪೈಪ್ ಕೊಡಿ. ನೀರು ಹೋಗುವ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ, ತೆಗೆದು ತೊಳೆಯಿರಿ. ಅಲ್ಲಿನ ರಬ್ಬರ್ ವಾಷರ್ ಒಣಗಿ ಬಿರಿದಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಗಾಳಿ ಎಳೆಯುತ್ತದೆ. ಸ್ಟಾರ್ಟ್ ಮಾಡುವ ಮೊದಲು ನಾಝಲ್ ತೆಗೆದು ಟ್ರಿಗರ್ ಒತ್ತಿ ಹಿಡಿಯಿರಿ. ಗಾಳಿ ಗುಳ್ಳೆ ನಿಂತು ನೀರು ಒಂದೇ ಧಾರೆಯಾಗಿ ಬರಬೇಕು.

ಪ್ರಶ್ನೆ ಕೇಳಿದವರು:
ಜಾಲರಿ ಪೂರ್ತಿ ಹಸಿರು ಪಾಚಿ! ಡ್ರಮ್ ಇಟ್ಟ ಮೇಲೆ ಮೊದಲಿಗಿಂತ ಎಷ್ಟೋ ವಾಸಿ. ಆದರೂ ಹೋದ ವರ್ಷದ ಜೋರಿಲ್ಲ. ಗನ್ ಕೈಯಲ್ಲಿ ದಡದಡ ಅಂತ ನಡುಗುತ್ತಿದೆ.

ಉತ್ತರ:
ಈಗ ವಾಲ್ವ್ ನೋಡುವ ಹೊತ್ತು. ನಿಮ್ಮದು ಮೂರು ಪಿಸ್ಟನ್ ಪಂಪ್ ಆಗಿದ್ದರೆ ಒಂದೊಂದಕ್ಕೆ ಎರಡರಂತೆ, ನೀರನ್ನು ಒಂದೇ ಕಡೆಗೆ ಬಿಡುವ ಆರು ವಾಲ್ವ್ ಇರುತ್ತವೆ. ಒಂದು ತೆರೆದೇ ನಿಂತರೂ ಆ ಪಿಸ್ಟನ್ ಕೆಲಸ ವ್ಯರ್ಥ. ನೀರು ಮೂರರಲ್ಲಿ ಎರಡು ಪಾಲಾಯಿತು ಅಂದುಕೊಳ್ಳಿ, ಅದೇ ನಾಝಲ್ಲಿನಲ್ಲಿ ಒತ್ತಡ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಅದಕ್ಕೇ ಇಷ್ಟು ವ್ಯತ್ಯಾಸ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಎಚ್‌ಟಿಪಿ ಸ್ಪ್ರೇ ಪಂಪಿನಲ್ಲಿ ಸುಣ್ಣದ ಕಾಳು ಸಿಕ್ಕಿಕೊಂಡರೆ ಹೀಗೇ ಆಗುತ್ತದೆ, ನೀವೂ ನೋಡಿರುತ್ತೀರಿ.

ಇಂಜಿನ್ ಆಫ್ ಮಾಡಿ, ನೀರು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ಎಳೆದಿಡಿ. ಟ್ರಿಗರ್ ಒತ್ತಿ ಉಳಿದ ಒತ್ತಡ ಬಿಡಿ. ಇದನ್ನು ಮರೆಯಲೇಬೇಡಿ. ಆಮೇಲೆ ವಾಲ್ವುಗಳ ಮುಚ್ಚಳ ಒಂದೊಂದೇ ಬಿಚ್ಚಿ, ಬಟ್ಟೆ ಹಾಸಿ ಅದೇ ಸಾಲಿನಲ್ಲಿ ಜೋಡಿಸಿಡಿ.

ಪ್ರಶ್ನೆ ಕೇಳಿದವರು:
ಸಿಕ್ಕಿತು! ಐದನೇ ಮುಚ್ಚಳದ ಕೆಳಗಿನ ವಾಲ್ವಿನಲ್ಲಿ, ಬಿಳಿ ಪ್ಲಾಸ್ಟಿಕ್ ಬಿಲ್ಲೆಗೂ ಅದರ ಸೀಟಿಗೂ ನಡುವೆ ಸಾಸಿವೆಯಷ್ಟು ದಪ್ಪದ ಮರಳಿನ ಕಾಳು. ಕಡ್ಡಿ ತುದಿಯಲ್ಲಿ ಬಿಲ್ಲೆ ಒತ್ತಿದರೆ ಒಳಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ತೊಳೆದ ಮೇಲೆ ಟಿಕ್ ಅಂತ ವಾಪಸ್ ಬರುತ್ತಿದೆ. ಜೋಡಿಸಿ ಸ್ಟಾರ್ಟ್ ಮಾಡಿದೆ. ಗನ್ ಒತ್ತಿದ ತಕ್ಷಣ ಇಂಜಿನ್ ಸದ್ದು ಇಳಿಯಿತು, ಚಪ್ಪಡಿ ಮೇಲೆ ಬೆಳ್ಳಗೆ ಗೆರೆ ಬಿತ್ತು. ತುಂಬಾ ಉಪಕಾರ ಅಣ್ಣ.

ಉತ್ತರ:
ಕೇಳಿ ಖುಷಿಯಾಯಿತು ಸಾರ್. ಡ್ರಮ್ಮಿನ ಪೈಪಿನ ಬಾಯಿಗೆ ಒಂದು ದೊಡ್ಡ ಜಾಲರಿ ಕಟ್ಟಿ. ಟ್ರಿಗರ್ ಬಿಟ್ಟು ಇಂಜಿನ್ನನ್ನು ಸುಮ್ನೆ ಎರಡು ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ. ಒಳಗೇ ಸುತ್ತುವ ನೀರು ಕಾದು ಸೀಲ್ ಹಾಳಾಗುತ್ತವೆ. ಆಗ ನಿಜವಾಗಲೂ ಪಂಪಿಗೆ ಖರ್ಚು ಬರುತ್ತದೆ.