ಮೆಂಬರ್‌ಗೆ 20 ಪರ್ಸೆಂಟ್ ರಿಯಾಯಿತಿ ಅಂದರು, ಚೌತಿಗೆ ಊರಿಗೆ ಹೋಗಲು ಮಾತ್ರ ಇಲ್ಲವಂತೆ

ಕುಂದಾಪ್ರದ ಮಗಳು, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ತಿಳಿದವರು ದಾರಿ ಹೇಳಿ.

ಆರು ವರ್ಷದಿಂದ ಆಫೀಸ್ ಕೆಲಸಕ್ಕೆ ಮುಂಬೈ–ದೆಹಲಿ ಓಡಾಡುತ್ತಿದ್ದೇನೆ. ಒಂದೇ ಕಂಪನಿಯ ವಿಮಾನ. ಬೇರೆಯವರದು ಒಳ್ಳೆಯ ಹೊತ್ತಿಗೆ ಇದ್ದರೂ ಬೆಳಗಿನ ಮೂರಕ್ಕೆ ಎದ್ದು ಇದನ್ನೇ ಹಿಡಿದಿದ್ದೇನೆ. ಮೆಂಬರ್ ಆದವರಿಗೆ ಪ್ರತಿ ಪ್ರಯಾಣಕ್ಕೂ ಸಿಗುವ ಪಾಯಿಂಟ್ಸ್ ಕೂಡಿದರೆ, ಅದರಲ್ಲೇ ಟಿಕೆಟ್ ತೆಗೆದು ಒಂದು ಚೌತಿಗೆ ಮನೆಯವರೆಲ್ಲ ವಿಮಾನದಲ್ಲಿ ಊರಿಗೆ ಹೋಗಬಹುದು ಎನ್ನುವ ಆಸೆ ನನಗೆ.

ಈ ವರ್ಷ ಅದು ಬೇಕೇ ಬೇಕು. ಅಮ್ಮನಿಗೆ 71. ಮಂಡಿ ಆಪರೇಶನ್ ಆಗಿ ನಮ್ಮ ಮನೆಯಲ್ಲೇ ಇದ್ದಾರೆ. ಪ್ರತಿ ಸಲ ಮತ್ಸ್ಯಗಂಧದಲ್ಲಿ ಮಧ್ಯಾಹ್ನ ಹತ್ತಿ ಬೆಳಗಾಗುವಷ್ಟರಲ್ಲಿ ಇಳಿಯುತ್ತಿದ್ದೆವು. ಈಗ ಓಡುವ ರೈಲಿನಲ್ಲಿ ರಾತ್ರಿ ಎದ್ದು ಬಾತ್‌ರೂಮಿಗೆ ಹೋಗಲು ಅವರಿಂದ ಆಗುವುದಿಲ್ಲ.

ಹೋದ ತಿಂಗಳು ಮೆಸೇಜ್ ಬಂತು, ಮೆಂಬರ್‌ಗಳಿಗೆ 20 ಪರ್ಸೆಂಟ್ ರಿಯಾಯಿತಿ ಅಂತ. ಖುಷಿಯಿಂದ ಅಮ್ಮನಿಗೂ ಹೇಳಿಬಿಟ್ಟೆ. ಮಂಗಳೂರಿಗೆ ಬುಕ್ ಮಾಡಲು ಕೂತಾಗ ಒಂದೊಂದೇ ಬಾಗಿಲು ಮುಚ್ಚಿತು. ಚೌತಿಯ ಹಿಂದಿನ ನಾಲ್ಕು ದಿನ, ಮುಂದಿನ ಮೂರು ದಿನ ರಿಯಾಯಿತಿಯ ಕೋಡ್ ನಡೆಯುವುದಿಲ್ಲ. ಪಾಯಿಂಟ್ಸ್‌ಗೂ ಸೀಟಿಲ್ಲ. ಒಂದು ವಾರ ಹಿಂದಿನ ಬುಧವಾರಕ್ಕೆ ಹಾಕಿ ನೋಡಿದೆ. ಅಲ್ಲಿ ಕೋಡ್ ಹಿಡಿಯಿತು, ಆದರೆ ನನ್ನೊಬ್ಬಳ ಟಿಕೆಟ್‌ಗೆ. ಅದೂ ಬೇಸ್ ಫೇರ್ (ತೆರಿಗೆ, ಶುಲ್ಕ ಬಿಟ್ಟ ಮೂಲ ದರ) ಮೇಲೆ ಮಾತ್ರ. 6,850ರ ಟಿಕೆಟ್‌ನಲ್ಲಿ ಬೇಸ್ 5,200, ಕಡಿತ 1,040. ಆ ವಾರ ಮಗನಿಗೆ ಯೂನಿಟ್ ಟೆಸ್ಟ್ ಬೇರೆ. ಚೌತಿಯ ಹಿಂದಿನ ದಿನಕ್ಕೆ ನಾಲ್ಕು ಜನರಿಗೆ 31,600 ತೋರಿಸುತ್ತಿದೆ.

ಇನ್ನೊಂದು ಸಂಕಟ. ಜೂನ್‌ನಲ್ಲಿ ಅಮ್ಮನಿಗೆ ಒಂದು ಆಫರ್ ಟಿಕೆಟ್ ತೆಗೆದಿದ್ದೆ. ಡಾಕ್ಟರ್ ಬೇಡ ಅಂದಿದ್ದಕ್ಕೆ ಕ್ಯಾನ್ಸಲ್ ಮಾಡಿದೆ. ಒಂದು ಪೈಸೆಯೂ ವಾಪಸ್ ಇಲ್ಲ ಎನ್ನುತ್ತಾರೆ. ಇದು ಸರಿಯಾ?

ಟಿಕೆಟ್ ಕೆಲಸದವ, ಮುಲುಂಡ್

ಅಕ್ಕ, 14 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮುಚ್ಚಿದ ದಿನಗಳನ್ನು ನಾವ್ಯಾರೂ ತೆರೆಸಲಾಗದು. ಆದರೆ ನಾಲ್ಕು ಜನರಿಗೆ ಒಟ್ಟಿಗೆ ಹುಡುಕಬೇಡಿ. ಒಂದೇ ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪು ಮಾಡಿರುತ್ತಾರೆ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದರೆ, ನಾಲ್ಕು ಕೇಳಿದಾಗ ನಾಲ್ಕಕ್ಕೂ ಮೇಲಿನ ದರವನ್ನೇ ತೋರಿಸುತ್ತದೆ. ಮೊದಲು ಒಂದು, ಆಮೇಲೆ ಎರಡು ಹಾಕಿ ನೋಡಿ. ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್, ಎರಡಾಗುತ್ತದೆ. ಹಾಗಾಗಿ ಅಮ್ಮನ ಜೊತೆ ಒಬ್ಬ ದೊಡ್ಡವರು ಇರಲಿ. ವೀಲ್‌ಚೇರ್ ಈಗಲೇ ಬರೆಸಿಡಿ.

ಕೊಥ್ರೂಡ್ ಕನ್ನಡಿಗ, ಪುಣೆ

ಒಂದು ಪೈಸೆಯೂ ಇಲ್ಲ ಅನ್ನುವುದು ತಪ್ಪು. ವಿಮಾನ ಕಂಪನಿಗಳ ಮೇಲೆ ನಿಗಾ ಇಡುವ ಡಿಜಿಸಿಎಯ ನಿಯಮದ ಪ್ರಕಾರ ಸರ್ಕಾರದ ತೆರಿಗೆ, ಯುಡಿಎಫ್, ಪಿಎಸ್‌ಎಫ್ ಎನ್ನುವ ಏರ್‌ಪೋರ್ಟ್ ಶುಲ್ಕಗಳನ್ನು ವಾಪಸ್ ಕೊಡಲೇಬೇಕು. ಆಫರ್ ಟಿಕೆಟ್ ಆದರೂ ಸರಿ, ಬೇಸ್ ಫೇರ್ ಮರಳದಿದ್ದರೂ ಸರಿ. ಕಂಪನಿಗೆ ಮೇಲ್ ಬರೆಯಿರಿ, ಈ ನಿಯಮವನ್ನೂ ಅದರಲ್ಲಿ ಹೇಳಿ. ಒಪ್ಪದಿದ್ದರೆ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಿ. ನನಗೆ ಹೀಗೇ 1,100 ಚಿಲ್ಲರೆ ಬಂತು.

ರಿಯಾಯಿತಿ ಮೆಸೇಜ್‌ನ ಸ್ಕ್ರೀನ್‌ಶಾಟ್ ಇದೆಯಾ? 2022ರ ಜಾಹೀರಾತು ಮಾರ್ಗಸೂಚಿಯಲ್ಲಿ, ದೊಡ್ಡದಾಗಿ ಹೇಳಿದ ಮಾತನ್ನು ಕೆಳಗಿನ ಷರತ್ತು ಸುಳ್ಳು ಮಾಡುವಂತಿಲ್ಲ ಎಂದಿದೆ. ಮೆಸೇಜ್‌ನಲ್ಲಿ ದಿನಾಂಕದ ಸುದ್ದಿಯೇ ಇಲ್ಲದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ವಾಸ್ಕೋದಿಂದ

ಅಮ್ಮನಿಗೆ ಕೂತು ಹೋಗಲು ಆಗುತ್ತದಾ? ಆಗುವುದಾದರೆ ಗೋವಾ ಕಡೆಯೂ ನೋಡಿ. ವಿಮಾನದಲ್ಲಿ ದಾಬೋಲಿಗೆ ಬಂದು ಮಡಗಾಂವ್‌ನಿಂದ ರೈಲು. ಮಂಗಳೂರಿನ ವಂದೇ ಭಾರತ್ ಉಡುಪಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಕುಂದಾಪುರ ಕಾರಿನಲ್ಲಿ ಸುಮಾರು ಒಂದು ಗಂಟೆ. ಗೋವಾದ ಇನ್ನೊಂದು ನಿಲ್ದಾಣ ಮೋಪಾದ ವಿಮಾನ ಮಾತ್ರ ಬೇಡ, ಅದು ಗೋವಾದ ಉತ್ತರದ ತುದಿ, ಮಡಗಾಂವ್ ದೂರ. ರೈಲಿಗೆ ಈಗ 60 ದಿನ ಮೊದಲಷ್ಟೇ ಬುಕಿಂಗ್ ತೆರೆಯುತ್ತದೆ, ಅವತ್ತು ಬೆಳಿಗ್ಗೆಯೇ ಕೂತುಬಿಡಿ.

ಕುಂದಾಪ್ರದ ಮಗಳು, ಡೊಂಬಿವಲಿ

ತುಂಬ ಉಪಕಾರ ಆಯ್ತು. ವಾಸ್ಕೋದವರೇ, ಅಮ್ಮನಿಗೆ ಹತ್ತಿ ಇಳಿಯುವುದೇ ಕಷ್ಟ, ಅದಕ್ಕೆ ಮಂಗಳೂರಿಗೇ ಮಾಡಿದೆ. ಮುಲುಂಡ್ ಅಣ್ಣ ಹೇಳಿದ ಹಾಗೆ ಎರಡೆರಡು ಹಾಕಿದೆ. ಎರಡು ಸೀಟು ತಲಾ 7,150ಕ್ಕೆ ಸಿಕ್ಕಿತು, ಉಳಿದೆರಡು ತಲಾ 7,900ಕ್ಕೇ. 1,500 ಉಳಿಯಿತು. ಜೂನ್ ಟಿಕೆಟ್‌ಗೆ ಮೇಲ್ ಹಾಕಿದ್ದೇನೆ, ಉತ್ತರ ಬಂದಾಗ ಇಲ್ಲೇ ಬರೆಯುತ್ತೇನೆ.

ಆದರೂ ಹೊಟ್ಟೆ ಉರಿಯುತ್ತದೆ. 20 ಪರ್ಸೆಂಟ್ ಅಂತ ಬರೆದ ಕಡೆಯೇ ಮುಚ್ಚಿದ ದಿನಗಳನ್ನೂ ಬರೆದಿದ್ದರೆ ಅಮ್ಮನಿಗೆ ಆಸೆ ಹುಟ್ಟಿಸುತ್ತಿರಲಿಲ್ಲ. ರೇಟ್ ನೋಡಿ ಅವರು "ನಾನು ಇಲ್ಲೇ ಇರ್ತೆ, ನೀವ್ ಹೋಯ್ನಿ" ಅಂದುಬಿಟ್ಟರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಪಾಯಿಂಟ್ಸ್ ಹಾಗೇ ಬಿದ್ದಿವೆ. ಮಾರ್ಚ್‌ಗೆ ಅರ್ಧ ಲ್ಯಾಪ್ಸ್ ಆಗುತ್ತದೆ ಅಂತ ಇವತ್ತು ಮತ್ತೊಂದು ಮೆಸೇಜ್ ಬಂದಿದೆ. ಫೆಬ್ರವರಿಯಲ್ಲಿ ಮಂಗಳೂರಿಗೆ ಪಾಯಿಂಟ್ಸ್‌ನಲ್ಲಿ ಹೋದವರು ಯಾರಾದರೂ ಇದ್ದೀರಾ? ಯಾವ ವಾರ ಸೀಟು ಸಿಕ್ಕಿತು?