ಕರಾವಳಿ, ಘಟ್ಟದ ನಡಿಗೆಗೆ ಸ್ಲೀಪಿಂಗ್ ಬ್ಯಾಗ್ ಬೇಕಾ, ಕ್ವಿಲ್ಟ್ ಸಾಕಾ?

ಪ್ರಶ್ನೆ (ಶಿರಸಿಯಿಂದ)

ಡಿಸೆಂಬರ್‌ನಲ್ಲಿ ಕುಮಟಾದಿಂದ ಗೋಕರ್ಣದವರೆಗೆ ಕಡಲಂಚಿನಲ್ಲೇ ನಡೆಯಬೇಕು ಅಂತಿದ್ದೇವೆ. ರಾತ್ರಿ ಪರಿಚಯದವರ ತೆಂಗಿನ ತೋಟದಲ್ಲಿ ಟೆಂಟ್. ಜನವರಿಯಲ್ಲಿ ಶಿರಸಿ ಕಡೆಯೂ ಒಂದೆರಡು ರಾತ್ರಿ. ಮುಂದೆ ಹಿಮಾಲಯದ ಕೇದಾರಕಂಠ ಚಾರಣದ ಆಸೆಯೂ ಇದೆ. ನನ್ನ ಹಳೇ ಬ್ಯಾಗ್ ಎರಡು ಕೆಜಿ ಮೇಲಿದೆ, ಬೆನ್ನುಚೀಲದ ಅರ್ಧ ಜಾಗ ಅದಕ್ಕೇ ಹೋಗುತ್ತದೆ. ಅಂಗಡಿಯವರು ಡೌನ್ ತಗೊಳ್ಳಿ ಅಂತಾರೆ. ಹಗುರ ಹೌದು, ಬೆಲೆ ಮಾತ್ರ ಜಾಸ್ತಿ. ಎಲ್ಲದಕ್ಕೂ ಒಂದೇ ಆಗುವಂಥದ್ದು ಯಾವುದಿದೆ?

ಉತ್ತರ (ಕಾರವಾರದಿಂದ)

ಎಲ್ಲದಕ್ಕೂ ಒಂದೇ ಅನ್ನುವ ಯೋಚನೆ ಮೊದಲು ಬಿಡಿ. ಕೇದಾರಕಂಠದ ತುದಿ ಸುಮಾರು 3,800 ಮೀಟರ್, ಚಳಿಗಾಲದಲ್ಲಿ ಪೂರ್ತಿ ಹಿಮ. ನಮ್ಮ ದಂಡೆಯಲ್ಲಿ ಡಿಸೆಂಬರ್ ರಾತ್ರಿಯೂ 20 ಡಿಗ್ರಿ ಆಸುಪಾಸು. ಅಲ್ಲಿಯ ಬ್ಯಾಗಿನಲ್ಲಿ ಇಲ್ಲಿ ಮಲಗಿದರೆ ಬೆವರಿ ಎದ್ದು ಕೂರುತ್ತೀರಿ. ಹಿಮಾಲಯಕ್ಕೆ ಹೋದಾಗ ಬಾಡಿಗೆಗೆ ತಗೊಳ್ಳಿ. ಚಾರಣ ಕರೆದೊಯ್ಯುವವರೇ ಹೆಚ್ಚಾಗಿ ಕೊಡುತ್ತಾರೆ.

ನಮ್ಮ ಕಡೆ ಕಾಡುವುದು ತೇವ. ಡೌನ್ ಅಂದರೆ ಬಾತುಕೋಳಿಯ ಮೆತ್ತನೆ ತುಪ್ಪಳ. ಅದು ಉಬ್ಬಿ ನಿಂತು ಗಾಳಿ ಹಿಡಿದಿಟ್ಟರಷ್ಟೇ ಬೆಚ್ಚಗೆ, ನೆನೆದರೆ ಮುದುಡಿಕೊಳ್ಳುತ್ತದೆ. ಅಘನಾಶಿನಿ ಪಕ್ಕದ ಒಂದು ತೋಟದಲ್ಲಿ ಗೆಳೆಯನ ಡೌನ್ ಬ್ಯಾಗನ್ನು ಬೆಳಿಗ್ಗೆ ಮುಟ್ಟಿ ನೋಡಿದ್ದೆ. ರಾತ್ರಿಯೆಲ್ಲ ಟೆಂಟಿನ ಒಳಬಟ್ಟೆಯ ಮೇಲೆ ನೀರು ಕೂತಿತ್ತು. ಕಾಲಿನ ತುದಿ ಅದಕ್ಕೆ ತಾಗಿದ್ದ ಕಡೆ ತುಪ್ಪಳ ಗಂಟುಗಂಟಾಗಿ ಹೊಲಿಗೆಯ ಮೂಲೆಗೆ ಸರಿದಿತ್ತು. ಎರಡು ಬೆರಳಲ್ಲಿ ಹಿಡಿದರೆ ನಡುವೆ ಬರೀ ನೈಲಾನ್. ಮಾರನೇ ದಿನ ನಡೆಯುತ್ತಾ ಒಣಗಿಸೋಣ ಅಂದರೆ ಕಡಲ ಗಾಳಿಯಲ್ಲಿ ಅದು ಅಷ್ಟು ಬೇಗ ಒಣಗುವುದೂ ಇಲ್ಲ.

ಹಾಗಾಗಿ ಸಿಂಥೆಟಿಕ್ ಕ್ವಿಲ್ಟ್ ತಗೊಳ್ಳಿ, ಅಂದರೆ ಕೃತಕ ನಾರು ತುಂಬಿದ, ಮೇಲಿಂದ ಹೊದೆಯುವ ಹೊದಿಕೆ. ಅಷ್ಟೇ ಬೆಚ್ಚಗಿನ ಡೌನ್‌ಗಿಂತ ಸ್ವಲ್ಪ ಭಾರ, ಮಡಚಿದರೂ ದಪ್ಪ. ಆದರೆ ತೇವವಾದರೂ ಪೂರ್ತಿ ಕೈಕೊಡುವುದಿಲ್ಲ, ಬೇಗ ಒಣಗುತ್ತದೆ. ಹೇಗೂ ಬ್ಯಾಗಿನಲ್ಲಿ ಮೈಯಡಿ ಬರುವ ಭಾಗ ಚಪ್ಪಟೆಯಾಗಿ ಹೆಚ್ಚೇನೂ ಕೆಲಸಕ್ಕೆ ಬರುವುದಿಲ್ಲ. ಕ್ವಿಲ್ಟ್‌ನಲ್ಲಿ ಆ ಭಾಗವೂ ಇಲ್ಲ, ತಲೆಯ ಟೋಪಿಯೂ ಇಲ್ಲ. ತೂಕ ಉಳಿಯುವುದು ಅಲ್ಲೇ. ಸೆಕೆಯಾದರೆ ಒಂದು ಕಾಲು ಹೊರಗೆ ಹಾಕಿ ಮಲಗಬಹುದು. ಕರಾವಳಿಯಲ್ಲಿ ಇದು ಸಣ್ಣ ಸುಖವಲ್ಲ.

ಕೆಳಗಿನ ಚಾಪೆಯನ್ನು ಮಾತ್ರ ಮರೆಯಬೇಡಿ, ನೆಲದ ತಂಪು ತಡೆಯುವುದು ಅದೇ. ಆ ತಂಪು ಎಷ್ಟು ತಡೆಯುತ್ತದೆ ಅನ್ನುವ ಅಳತೆಯೇ ಆರ್-ವ್ಯಾಲ್ಯೂ. ಅದು 2 ಇರುವ ಫೋಮ್ ಮ್ಯಾಟ್ ಇಲ್ಲಿಗೆ ಸಾಕು. ಹಿಮದ ಮೇಲೆ 4ಕ್ಕಿಂತ ಜಾಸ್ತಿ ಬೇಕು.

ಉತ್ತರ (ಯಲ್ಲಾಪುರದಿಂದ)

ಒಪ್ಪಿದೆ, ಆದರೆ ಘಟ್ಟದ ಮೇಲಿನ ಜನವರಿಯನ್ನು ಹಗುರವಾಗಿ ತಗೋಬೇಡಿ. ಬೆಳಗಿನ ಜಾವ ಮಂಜು ಬಿದ್ದಾಗ ನಡುಗಿಸುತ್ತದೆ. ಲೇಬಲ್ ಮೇಲೆ ದೊಡ್ಡಕ್ಷರದ ಡಿಗ್ರಿ ನೋಡಿ ಮೋಸ ಹೋಗಬೇಡಿ. ‘ಕಂಫರ್ಟ್’ ಅಂತ ಬರೆದ ಸಂಖ್ಯೆ ನೋಡಿ, ಆರಾಮಾಗಿ ನಿದ್ದೆ ಬರುವ ಚಳಿಯ ಲೆಕ್ಕ ಅದು. ‘ಎಕ್ಸ್‌ಟ್ರೀಮ್’ ಅನ್ನುವುದು ಜೀವ ಉಳಿಯುವ ಲೆಕ್ಕ, ನಿದ್ದೆಯದ್ದಲ್ಲ. ಕಾಡೊಳಗೆ ಟೆಂಟ್ ಹಾಕುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ತಗೊಳ್ಳಿ.

ಪ್ರಶ್ನೆ ಕೇಳಿದವರು

ಸಿಂಥೆಟಿಕ್ ಅಂತಲೇ ಆಯ್ತು. ಕಂಫರ್ಟ್ ಎಷ್ಟಿರಲಿ? ಮಳೆಗಾಲದಲ್ಲಿ ಇಡುವುದು ಹೇಗೆ? ನಮ್ಮನೆ ಕಪಾಟಿನಲ್ಲಿ ಜುಲೈ ಬಂದರೆ ಎಲ್ಲಕ್ಕೂ ಬೂಸ್ಟು.

ಉತ್ತರ (ಕಾರವಾರದಿಂದ)

ಕಂಫರ್ಟ್ 10 ಡಿಗ್ರಿ ಇದ್ದರೆ ನಿಮ್ಮ ಎರಡೂ ಕಡೆಗೆ ಸಾಕು. ಶಿರಸಿಯಲ್ಲಿ ಉಣ್ಣೆ ಟೋಪಿ, ಕಾಲುಚೀಲ ಸೇರಿಸಿ.

ಕ್ವಿಲ್ಟನ್ನು ಅದರ ಜೊತೆ ಬರುವ ಪುಟ್ಟ ಚೀಲದಲ್ಲಿ ಒತ್ತಿ ತುಂಬಿ ವರ್ಷವಿಡೀ ಇಡಬೇಡಿ, ಉಬ್ಬು ಸಾಯುತ್ತದೆ. ಮೇ ತಿಂಗಳ ಬಿಸಿಲಿರುವಾಗಲೇ ಗಾಳಿಗೆ ಹಾಕಿ ಪೂರ್ತಿ ಒಣಗಿಸಿ. ಆಮೇಲೆ ಸಡಿಲವಾಗಿ ದೊಡ್ಡ ಹತ್ತಿ ಚೀಲಕ್ಕೆ ಹಾಕಿ ಅಟ್ಟದ ಮೇಲೆ, ಒಲೆಯ ಬಿಸಿ ತಾಗುವ ಕಡೆ ಇಡಿ. ಮಳೆಗಾಲದಲ್ಲಿ ಬಿಸಿಲು ಬಂದ ದಿನ ತೆಗೆದು ಒಮ್ಮೆ ಕೊಡವಿ.

ತಗೊಳ್ಳುವ ಮೊದಲು ಅಂಗಡಿಯ ನೆಲದ ಮೇಲೆ ಹೊದ್ದು ಮಲಗಿ ನೋಡಿ. ಮಗ್ಗುಲು ತಿರುಗಿದಾಗ ಬೆನ್ನ ಹಿಂದೆ ಗಾಳಿ ನುಗ್ಗುತ್ತಿದ್ದರೆ ಅದು ನಿಮಗೆ ಅಗಲ ಕಮ್ಮಿ. ಇನ್ನೊಂದು ಸೈಜ್ ಕೇಳಿ.